ಆರೋಹ ಮಳೆ: ಪುಸ್ತಕದ ತ್ರಿಕೋನ ಬೆಟ್ಟವೂ ಆಗುಂಬೆ ಘಟ್ಟವೂ

ಶಾಲೆಯ ಭೂಗೋಳ ಪುಸ್ತಕದ ಮೂರು ಬಗೆಯ ಮಳೆಯಲ್ಲಿ ಆರೋಹ ಮಳೆಯನ್ನಷ್ಟೇ, ಅಂದರೆ ಬೆಟ್ಟ ಅಡ್ಡಬಂದು ಗಾಳಿ ಮೇಲೇರಿದಾಗ ಸುರಿಯುವ ಮಳೆಯನ್ನಷ್ಟೇ, ಇಲ್ಲಿ ತೆಗೆದುಕೊಂಡಿದೆ. ನೀರು ಆವಿಯಾಗುವುದು, ನೈರುತ್ಯ ಮಾರುತ ಅರಬ್ಬಿ ಸಮುದ್ರದಿಂದ ತೇವ ಹೊತ್ತು ತರುವುದು ಎಲ್ಲರಿಗೂ ಗೊತ್ತು. ತೊಡಕು ಶುರುವಾಗುವುದು ಗಾಳಿ ಘಟ್ಟ ಹತ್ತತೊಡಗಿದ ಮೇಲೆ.

ಏರುವ ಗಾಳಿ ತಣಿಯುವುದು ಏಕೆ?

"ಮೇಲೆ ಚಳಿ ಇರುತ್ತದೆ, ಹಾಗಾಗಿ" ಎಂಬ ಉತ್ತರ ತಪ್ಪು. ಮೇಲೆ ಹೋದಂತೆ ಸುತ್ತಲಿನ ಒತ್ತಡ ಕಡಿಮೆ. ಒತ್ತಡ ಇಳಿದಾಗ ಗಾಳಿ ಹಿಗ್ಗುತ್ತದೆ, ಹಿಗ್ಗಲು ಸುತ್ತಲಿನ ಗಾಳಿಯನ್ನು ತಳ್ಳಬೇಕು, ತಳ್ಳಲು ತನ್ನೊಳಗಿನ ಶಾಖವನ್ನೇ ಖರ್ಚು ಮಾಡಬೇಕು. ಶಾಖ ಹೊರಗೆ ಸೋರಿ ಹೋಗಿದ್ದಲ್ಲ, ಕೆಲಸಕ್ಕೆ ಖರ್ಚಾಗಿದ್ದು. ಸೈಕಲ್ ಟ್ಯೂಬಿನ ವಾಲ್ವ್ ಒತ್ತಿ ಗಾಳಿ ಬಿಟ್ಟಾಗ ಬೆರಳಿಗೆ ತಣ್ಣಗೆ ತಗಲುವುದೂ ಇದೇ ಕಾರಣಕ್ಕೆ. ಕೆಳಗಿಳಿಯುವ ಗಾಳಿಗೆ ಇದೆಲ್ಲ ತಿರುವುಮುರುವು: ಒತ್ತಿಸಿಕೊಂಡು ಬಿಸಿಯಾಗುತ್ತದೆ.

165 ಮತ್ತು 100

ಬಹಳ ಜನ ಎಡವುವುದು ಇಲ್ಲೇ, ಆದ್ದರಿಂದ ಇದನ್ನು ಬಿಡಿಸಿ ಹೇಳಬೇಕು. ಪುಸ್ತಕದಲ್ಲಿ "ಪ್ರತಿ 165 ಮೀಟರಿಗೆ 1 ಡಿಗ್ರಿ ಸೆಲ್ಸಿಯಸ್ ಇಳಿಕೆ" ಎಂದಿದೆ. ಅದು ನಿಂತ ವಾತಾವರಣದ ಲೆಕ್ಕ. ಥರ್ಮಾಮೀಟರ್ ಹಿಡಿದು ನೀವು ಮೇಲೆ ಹೋದರೆ ಸರಾಸರಿ ಕಾಣುವ ಇಳಿಕೆ ಅಷ್ಟು. ಏರುತ್ತಿರುವ ಗಾಳಿಯ ಲೆಕ್ಕ ಬೇರೆ. ಅದರೊಳಗಿನ ಆವಿ ಇನ್ನೂ ಹನಿಗಟ್ಟದಿದ್ದರೆ 100 ಮೀಟರಿಗೆ ಸುಮಾರು 1 ಡಿಗ್ರಿ ಇಳಿಯುತ್ತದೆ. ಹನಿಗಟ್ಟಲು ಶುರುವಾದ ಮೇಲೆ ಗುಪ್ತೋಷ್ಣ (ಆವಿ ನೀರಾಗುವಾಗ ಬಿಡುವ ಶಾಖ) ಹೊರಬಂದು ತಣಿಯುವ ವೇಗವನ್ನು ತಗ್ಗಿಸುತ್ತದೆ. ನಮ್ಮ ಕರಾವಳಿಯಂಥ ಬೆಚ್ಚಗಿನ ತೇವದ ಗಾಳಿಯಲ್ಲಿ 100 ಮೀಟರಿಗೆ ಅರ್ಧ ಡಿಗ್ರಿಯ ಆಸುಪಾಸು. ಹೀಗೆ ಮೂರು ಸಂಖ್ಯೆಗಳಿಗೂ ಮೂರು ಸಂದರ್ಭ. "ಗಾಳಿ 800 ಮೀಟರ್ ಏರಿತು, ಉಷ್ಣತೆ ಎಷ್ಟು" ಎಂಬ ಲೆಕ್ಕಕ್ಕೆ 165ರಿಂದ ಭಾಗಿಸಿದರೆ ಮೋಡ ಎಲ್ಲಿ ಕಟ್ಟುತ್ತದೆ ಎಂಬುದೇ ತಪ್ಪಿಹೋಗುತ್ತದೆ.

ಮೋಡದ ಬುಡ ಎಷ್ಟು ಎತ್ತರದಲ್ಲಿ? ಇದಕ್ಕೊಂದು ಒಳ್ಳೆಯ ಸುಲಭದಾರಿ ಇದೆ. ಒಂದು ಘನಮೀಟರ್ ಗಾಳಿ 28 ಡಿಗ್ರಿಯಲ್ಲಿ ಸುಮಾರು 27 ಗ್ರಾಂ ಆವಿ ಹಿಡಿಯುತ್ತದೆ, 25 ಡಿಗ್ರಿಯಲ್ಲಿ 23 ಗ್ರಾಂ, 20 ಡಿಗ್ರಿಯಲ್ಲಿ 17 ಗ್ರಾಂ. ಜುಲೈನಲ್ಲಿ ಘಟ್ಟದ ಕೆಳಗೆ ಗಾಳಿ 28 ಡಿಗ್ರಿ ಇದ್ದು ಅದರಲ್ಲಿ 23 ಗ್ರಾಂ ಆವಿ ಇದೆ ಎಂದುಕೊಳ್ಳಿ. ಸಾಪೇಕ್ಷ ಆರ್ದ್ರತೆ (ಹಿಡಿಯಬಲ್ಲ ಆವಿಯಲ್ಲಿ ಈಗಿರುವುದರ ಪಾಲು) 23/27, ಅಂದರೆ ಶೇ. 85. ಇಬ್ಬನಿ ಬಿಂದು, ಅಂದರೆ ಆವಿ ಹನಿಗಟ್ಟಲು ಶುರುವಾಗುವ ಉಷ್ಣತೆ, 25 ಡಿಗ್ರಿ. ಅಂತರ 3 ಡಿಗ್ರಿ. ಇದನ್ನು 125ರಿಂದ ಗುಣಿಸಿ: 375 ಮೀಟರ್. ಮೋಡದ ಬುಡ ಅಲ್ಲಿದೆ.

125 ಎಲ್ಲಿಂದ ಬಂತು? ಒಂದು ಕಿಲೋಮೀಟರ್ ಏರಿದರೆ ಗಾಳಿ 10 ಡಿಗ್ರಿ ತಣಿಯುತ್ತದೆ. ಆದರೆ ಹಿಗ್ಗಿದ ಗಾಳಿಯಲ್ಲಿ ಆವಿಯೂ ತೆಳುವಾಗುವುದರಿಂದ ಇಬ್ಬನಿ ಬಿಂದು ಕೂಡ ಸುಮಾರು 2 ಡಿಗ್ರಿ ಇಳಿಯುತ್ತದೆ. ಎರಡರ ಅಂತರ ಕಿಲೋಮೀಟರಿಗೆ 8 ಡಿಗ್ರಿಯಂತೆ ಕಿರಿದಾಗುತ್ತದೆ. 1000 ಭಾಗಿಸು 8, ಅದೇ 125. ಇಬ್ಬನಿ ಬಿಂದು ಇಳಿಯುವುದನ್ನು ಮರೆತವರು 3ನ್ನು 100ರಿಂದ ಗುಣಿಸಿ 300 ಎಂದು ಬರೆಯುತ್ತಾರೆ.

ಆಗುಂಬೆ ಇರುವುದು 640 ಮೀಟರಿನ ಆಸುಪಾಸಿನಲ್ಲಿ, ಅಂದರೆ ಈ ಲೆಕ್ಕದ ಮೋಡದ ಬುಡಕ್ಕಿಂತ ಮೇಲೆ. ಮಳೆಗಾಲದಲ್ಲಿ ಊರೇ ಮಂಜಿನೊಳಗೆ ಮುಳುಗಿರುವುದು, ಸೂರ್ಯಾಸ್ತ ನೋಡಲು ಬಂದವರು ಬರಿಗೈಲಿ ಹೋಗುವುದು ಅದಕ್ಕೇ. ಈಗ ಬೇಸಿಗೆಯ ಲೆಕ್ಕ ಮಾಡಿ: ಗಾಳಿ 32 ಡಿಗ್ರಿ, ಇಬ್ಬನಿ ಬಿಂದು 22. ಅಂತರ 10, ಮೋಡದ ಬುಡ 1250 ಮೀಟರ್. ಘಟ್ಟದ ಎತ್ತರವೊಂದೇ ಈ ಗಾಳಿಯಲ್ಲಿ ಮೋಡ ಕಟ್ಟಿಸಲಾರದು. ನೆಲದ ಕಾವೂ ಮೇಲಕ್ಕೆ ತಳ್ಳಬೇಕು. ಏಪ್ರಿಲ್ ಸಂಜೆಯ ಗುಡುಗಿನ ಮಳೆಯನ್ನು ಪರಿಸರಣ ಮಳೆ ಎನ್ನುವುದು ಆ ಕಾರಣಕ್ಕೆ.

ಮಳೆ ನೆರಳು: ಚಿತ್ರ ಎಲ್ಲಿ ಹೊಂದುವುದಿಲ್ಲ

ಪುಸ್ತಕದ ಚಿತ್ರದಲ್ಲಿ ಬೆಟ್ಟ ಎರಡೂ ಕಡೆ ಸಮನಾಗಿ ಇಳಿಜಾರು. ಎಡಕ್ಕೆ ಮಳೆ, ಬಲಕ್ಕೆ ಗಾಳಿ ಇಳಿದು, ಬಿಸಿಯಾಗಿ, ಒಣಗಿ ಮಳೆ ನೆರಳು, ಅಂದರೆ ಮಳೆ ಕಡಿಮೆ ಬೀಳುವ ಬದಿ. ಈ ಚಿತ್ರ ಮುನ್ನಾರ್ ಮತ್ತು ತೇಣಿಗೆ ಸರಿಯಾಗಿ ಹೊಂದುತ್ತದೆ. ಮುನ್ನಾರ್ ಸುಮಾರು 1500 ಮೀಟರ್, ತಮಿಳುನಾಡಿನ ತೇಣಿ ಸುಮಾರು 300. ಇಳಿತ 1200 ಮೀಟರ್, ಗಾಳಿ 12 ಡಿಗ್ರಿಯಷ್ಟು ಬಿಸಿಯಾಗುತ್ತದೆ. ಆವಿ ಅಷ್ಟೇ ಇದ್ದರೂ ಹಿಡಿಯುವ ಸಾಮರ್ಥ್ಯ ದುಪ್ಪಟ್ಟಾಗಿ ಸಾಪೇಕ್ಷ ಆರ್ದ್ರತೆ ಅರ್ಧದ ಸಮೀಪಕ್ಕೆ ಬೀಳುತ್ತದೆ.

ಅದೇ ವಿವರಣೆಯನ್ನು ಶಿವಮೊಗ್ಗಕ್ಕೆ ಹಚ್ಚಿ ನೋಡಿ. ಶಿವಮೊಗ್ಗ ಪೇಟೆ ಸುಮಾರು 570 ಮೀಟರ್. ಆಗುಂಬೆಯಿಂದ ಇಳಿತ 70 ಮೀಟರ್, ಬಿಸಿಯಾಗುವುದು ಒಂದು ಡಿಗ್ರಿಗಿಂತ ಕಡಿಮೆ! ಆದರೂ ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ಮೀರುವ ಮಳೆ, ತೀರ್ಥಹಳ್ಳಿಗೆ ಬರುವಷ್ಟರಲ್ಲಿ ಅರ್ಧಕ್ಕೂ ಕಡಿಮೆ, ಶಿವಮೊಗ್ಗದಲ್ಲಿ 1,000ದ ಆಚೀಚೆ. "ಇಳಿದು ಬಿಸಿಯಾಯಿತು" ಎನ್ನುವುದರಿಂದ ಇಷ್ಟು ದೊಡ್ಡ ವ್ಯತ್ಯಾಸ ಬರಲಾರದು.

ನಮ್ಮ ಘಟ್ಟ ಗೋಪುರದಂತಿಲ್ಲ, ಮನೆಯ ಜಗಲಿಯಂತಿದೆ. ಅಂಗಳದಿಂದ ಒಂದೇ ಏರು, ಆಮೇಲೆ ಮಟ್ಟಸ. ಕೊಡಚಾದ್ರಿಯಂಥ (1,343 ಮೀಟರ್) ಶಿಖರಗಳು ಅಂಚಿನಲ್ಲಿ ಅಲ್ಲಲ್ಲಿ ಎದ್ದಿದ್ದರೂ ಅವುಗಳ ಹಿಂದೆ ಇರುವುದು ಪ್ರಸ್ಥಭೂಮಿಯೇ. ಗಾಳಿಯನ್ನು ಮೇಲಕ್ಕೆ ತಳ್ಳುವ ಕೆಲಸ ಅಂಚಿನಲ್ಲೇ ಮುಗಿಯುತ್ತದೆ. ತಳ್ಳುವುದು ನಿಂತರೆ ತಣಿಯುವುದೂ ನಿಲ್ಲುತ್ತದೆ, ಹೊಸ ಹನಿ ಕಟ್ಟುವುದು ಕ್ಷೀಣಿಸುತ್ತದೆ. ಆಗಲೇ ಕಟ್ಟಿದ ದೊಡ್ಡ ಹನಿಗಳು ಗಾಳಿಯ ಜೊತೆ ಒಂದಷ್ಟು ದೂರ ಸಾಗಿ ಬೀಳುತ್ತವೆ. ಅಂಚಿನ ಹಿಂದಿನ ಊರುಗಳಿಗೂ ಒಳ್ಳೆಯ ಪಾಲು ಸಿಗುತ್ತದೆ. ಮುಂದೆ ಉಳಿಯುವುದು ಸಣ್ಣ ಹನಿಗಳ ಮೋಡ.

ಹಾಗಾಗಿ ಜುಲೈನಲ್ಲಿ ಶಿವಮೊಗ್ಗದ ಗಾಳಿ ಒಣಗಿರುವುದಿಲ್ಲ. ಆಕಾಶ ತುಂಬ ಮೋಡ, ಬಟ್ಟೆ ಆರುವುದಿಲ್ಲ, ಬೀಳುವುದು ಮಾತ್ರ ಸೋನೆ. "ಮಳೆ ನೆರಳು ಎಂದರೆ ಬಿಸಿ ಒಣಗಾಳಿ" ಎಂದು ಕಂಠಪಾಠ ಮಾಡಿದವರಿಗೆ ಇದು ಒಗಟಾಗಿ ಕಾಣುತ್ತದೆ. ಪರೀಕ್ಷೆಯಲ್ಲಿ ಸಾಮಾನ್ಯ ಪ್ರಶ್ನೆ ಬಂದರೆ ತ್ರಿಕೋನ ಬೆಟ್ಟವನ್ನೇ ಬರೆಯಿರಿ. ಕರ್ನಾಟಕದ ಅಡ್ಡಸೀಳಿಕೆ ಕೇಳಿದರೆ ಪಶ್ಚಿಮಕ್ಕೆ ಕಡಿದಾದ ಏರು, ಪೂರ್ವಕ್ಕೆ ಸಣ್ಣ ಇಳಿಜಾರಿನ ಪ್ರಸ್ಥಭೂಮಿ ಬರೆಯಿರಿ. ತುಂಗಾ, ಭದ್ರಾ ಪಕ್ಕದ ಅರಬ್ಬಿ ಸಮುದ್ರ ಬಿಟ್ಟು ಪೂರ್ವಕ್ಕೆ ಹರಿಯುವುದೂ, ಶರಾವತಿ ಅಂಚು ದಾಟುವಾಗ ಜೋಗದಲ್ಲಿ 253 ಮೀಟರ್ ಧುಮುಕುವುದೂ ಇದೇ ಚಿತ್ರದಲ್ಲಿ ಸಿಗುತ್ತದೆ.

ಮಿಲಿಮೀಟರ್ ಬಗ್ಗೆ ಎರಡು ಮಾತು

ಒಂದು ಚದರ ಮೀಟರ್ ನೆಲದ ಮೇಲೆ 1 ಮಿಲಿಮೀಟರ್ ನೀರು ನಿಂತರೆ ಅದು 1 ಲೀಟರ್. ಒಂದು ಗುಂಟೆ ಸುಮಾರು 101 ಚದರ ಮೀಟರ್. 100 ಮಿಲಿಮೀಟರ್ ಮಳೆ ಬಂದ ದಿನ ಒಂದು ಗುಂಟೆ ತೋಟಕ್ಕೆ ಬಿದ್ದ ನೀರು 10,000 ಲೀಟರಿಗೂ ಸ್ವಲ್ಪ ಹೆಚ್ಚು. ತೋಟದವರು ಇಂಚಿನಲ್ಲಿ ಹೇಳಿದರೆ 25.4ರಿಂದ ಗುಣಿಸಿ. ಮಳೆಮಾಪಕವನ್ನು ಮರದಡಿ, ಸೂರಿನಂಚಿನಲ್ಲಿ ಇಟ್ಟರೆ ಅಳತೆ ಕೆಡುತ್ತದೆ. ಹವಾಮಾನ ಇಲಾಖೆಯ ದಿನದ ಮಳೆ ಲೆಕ್ಕ ಬೆಳಿಗ್ಗೆ 8.30ರಿಂದ ಮರುದಿನ 8.30ರವರೆಗೆ. ಮಂಗಳವಾರದ ಪಟ್ಟಿಯಲ್ಲಿರುವ ಮಳೆಯ ಹೆಚ್ಚಿನ ಪಾಲು ಸೋಮವಾರ ಹಗಲು, ರಾತ್ರಿ ಸುರಿದದ್ದಾಗಿರಬಹುದು.