ಎರಡು ಚೀಲ ಬಂದ ದಿನ ತಪ್ಪಿದ ಲೆಕ್ಕ

ಬ್ಯಾಡಗಿಯಲ್ಲಿ ಸೋಮವಾರ, ಗುರುವಾರ ಅಂದರೆ ಮೆಣಸಿನಕಾಯಿ ಮಾರುಕಟ್ಟೆ. ಆ ಎರಡು ದಿನ ಹುಬ್ಬಳ್ಳಿಯ ನಮ್ಮ ಆಫೀಸಿನಲ್ಲಿ ಯಾರೂ ಹೊಸ ಕೋಡ್ ಸರ್ವರ್‌ಗೆ ಹಾಕುವುದಿಲ್ಲ. ಅಲ್ಲಿನ ಒಂದು ದಲಾಲಿ ಅಂಗಡಿಯ ಲೆಕ್ಕವೆಲ್ಲ ನಾವು ಪಿಎಚ್‌ಪಿ ಅನ್ನೋ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದ ಸಾಫ್ಟ್‌ವೇರ್ ಮೇಲೆ ನಡೆಯುತ್ತದೆ. ಹಮಾಲರು ಚೀಲವನ್ನು ಕಾಟಾದ ಮೇಲೆ ಇಡುತ್ತಾರೆ, ದಿವಾನಜಿ (ಅಂಗಡಿಯ ಗುಮಾಸ್ತರು) ತೂಕವನ್ನು ಕಂಪ್ಯೂಟರಿನಲ್ಲಿ ಹೊಡೆಯುತ್ತಾರೆ, ರೈತರ ಕೈಗೆ ಲೆಕ್ಕದ ಪಟ್ಟಿ ಬರುತ್ತದೆ. ಪಟ್ಟಿ ತಪ್ಪಿದರೆ ಅವರ ಇಡೀ ವರ್ಷದ ದುಡಿಮೆಯ ಲೆಕ್ಕವೇ ತಪ್ಪಿದ ಹಾಗೆ.

ಕೆಲವು ವರ್ಷದ ಹಿಂದೆ ಅಂಥ ಒಂದು ಸೋಮವಾರ ಮಧ್ಯಾಹ್ನ ದಿವಾನಜಿ ಫೋನ್ ಮಾಡಿದರು. "ಸರ್ರ, ಎರಡ ಚೀಲ ತಂದ ರೈತಗ ಮೂವತ್ತೆಂಟ ಕ್ವಿಂಟಲ್ ಅಂತ ಪಟ್ಟಿ ಬಂದೈತ್ರಿ. ಒಮ್ಮಿ ನೋಡ್ರಿ."

ನೋಡಿದೆ. ಮೊದಲ ಚೀಲ 38 ಕಿಲೋ, ಎರಡನೆಯದು 41 ಕಿಲೋ. ಒಟ್ಟು 79 ಆಗಬೇಕು. ಪಟ್ಟಿಯಲ್ಲಿ 3,841 ಕಿಲೋ ಇತ್ತು. ದಿವಾನಜಿ ಕಣ್ಣಿಗೆ ಬಿದ್ದದ್ದರಿಂದ ಅಲ್ಲೇ ನಿಂತಿತು. ಆ ಕೋಡ್ ಬರೆದವನು ನಾನೇ. ತಪ್ಪು ಎಲ್ಲಿತ್ತು ಅಂತ ಇಲ್ಲಿ ಬಿಡಿಸಿ ಹೇಳುತ್ತೇನೆ, ಯಾಕಂದರೆ ಇದೇ ತಪ್ಪನ್ನು ಬೇರೆಯವರ ಕೋಡಿನಲ್ಲೂ ಆಮೇಲೆ ಬಹಳ ಸಲ ನೋಡಿದ್ದೇನೆ.

ತಪ್ಪು ಇದ್ದದ್ದು ಕನ್‌ಸ್ಟ್ರಕ್ಟರ್‌ನಲ್ಲಿ. ಕ್ಲಾಸ್ ಅಂದರೆ ಒಂದು ಅಚ್ಚು, ಅದರಿಂದ ಹುಟ್ಟುವುದು ಆಬ್ಜೆಕ್ಟ್. ಕನ್‌ಸ್ಟ್ರಕ್ಟರ್ ಅಂದರೆ ಒಂದು ಕ್ಲಾಸಿನಿಂದ ಹೊಸ ಆಬ್ಜೆಕ್ಟ್ ಹುಟ್ಟುವಾಗ ಮೊದಲು ಓಡುವ ಫಂಕ್ಷನ್. ಜಾವಾ, ಸಿ ಪ್ಲಸ್ ಪ್ಲಸ್ ಭಾಷೆಗಳಲ್ಲಿ ಒಂದೇ ಕ್ಲಾಸಿಗೆ ಎಷ್ಟು ಬೇಕಾದರೂ ಕನ್‌ಸ್ಟ್ರಕ್ಟರ್ ಬರೆಯಬಹುದು. ಕೊಟ್ಟ ಮೌಲ್ಯಗಳು ಎಷ್ಟು, ಅವುಗಳ ಟೈಪ್ ಏನು (ಸಂಖ್ಯೆಯೋ, ಅಕ್ಷರವೋ) ಅಂತ ನೋಡಿ, ಕೋಡನ್ನು ಯಂತ್ರಕ್ಕೆ ತಿರುಗಿಸುವ ಕಂಪೈಲರ್ ಸರಿಯಾದದ್ದನ್ನು ಆರಿಸುತ್ತದೆ. ಇದೇ ಓವರ್‌ಲೋಡಿಂಗ್. ಪಿಎಚ್‌ಪಿಯಲ್ಲಿ ಇದು ಇಲ್ಲ. ಕ್ಲಾಸಿಗೆ ಒಂದೇ ಕನ್‌ಸ್ಟ್ರಕ್ಟರ್. ಎರಡನೆಯದು ಬರೆದರೆ ‘ಕ್ಯಾನಾಟ್ ರಿಡಿಕ್ಲೇರ್’ ಅಂತ ಫೇಟಲ್ ಎರರ್ ಬರುತ್ತದೆ, ಆ ಫೈಲಿನ ಒಂದು ಸಾಲೂ ಓಡುವುದಿಲ್ಲ. (ಪಿಎಚ್‌ಪಿಯ ಕೈಪಿಡಿಯಲ್ಲಿ ಓವರ್‌ಲೋಡಿಂಗ್ ಅನ್ನೋ ಪುಟ ಇದೆ. ಅದು ಬೇರೆಯೇ ವಿಷಯ: ಕ್ಲಾಸಿನಲ್ಲಿ ಇಲ್ಲದ ಪ್ರಾಪರ್ಟಿ ಅಂದರೆ ಒಳಗಿನ ಮೌಲ್ಯವನ್ನೋ, ಮೆಥಡ್ ಅಂದರೆ ಒಳಗಿನ ಫಂಕ್ಷನ್ನನ್ನೋ ಕೇಳಿದಾಗ ಏನು ಮಾಡಬೇಕು ಅನ್ನೋದು. ಹೊಸಬರು ಅಲ್ಲಿ ಹುಡುಕಿ ಸುಮ್ನೆ ಅರ್ಧ ದಿನ ಕಳೆಯುತ್ತಾರೆ.)

ಹೀಗೆ ಯಾಕೆ ಅಂದರೆ, ಪಿಎಚ್‌ಪಿ ಪ್ರತಿ ಕ್ಲಾಸಿನ ಮೆಥಡ್‌ಗಳನ್ನು ಹೆಸರಿನ ಮೇಲೆ ಒಂದು ಕೋಷ್ಟಕದಲ್ಲಿ ಇಟ್ಟುಕೊಳ್ಳುತ್ತದೆ. ಒಂದು ಹೆಸರಿಗೆ ಒಂದೇ ಜಾಗ. ಇನ್ನೊಂದು ಮಾತೂ ಇದೆ. ವೆಬ್ ಫಾರ್ಮ್‌ನಲ್ಲಿ ದಿವಾನಜಿ 38 ಅಂತ ಹೊಡೆದರೆ ಸರ್ವರ್‌ಗೆ ಬರುವುದು ಸಂಖ್ಯೆಯಲ್ಲ, ‘38’ ಅನ್ನೋ ಅಕ್ಷರದ ಸಾಲು. ಫಾರ್ಮ್‌ನಿಂದ ಬರುವುದೆಲ್ಲ ಹಾಗೇ, ಸ್ಟ್ರಿಂಗ್ ಆಗಿಯೇ ಬರುತ್ತದೆ. ಎಲ್ಲವೂ ಒಂದೇ ಟೈಪ್ ಆದಮೇಲೆ ಟೈಪ್ ನೋಡಿ ಆರಿಸುವುದಾದರೂ ಹೇಗೆ?

ನನ್ನ ತೂಕದ ಕ್ಲಾಸಿಗೆ ಮೂರು ದಾರಿಯಿಂದ ಲೆಕ್ಕ ಬರುತ್ತಿತ್ತು. ಬರೀ ಕಿಲೋ. ಕ್ವಿಂಟಲ್ ಮತ್ತು ಮೇಲಿನ ಕಿಲೋ. ಒಂದೊಂದು ಚೀಲದ ತೂಕ. ಓವರ್‌ಲೋಡಿಂಗ್ ಇಲ್ಲ ಅಂತ ನಾನು ಮೂರು ಚುಕ್ಕೆಯ ಉಪಾಯ ಹಿಡಿದೆ. 2014ರಲ್ಲಿ ಬಂದ ಪಿಎಚ್‌ಪಿ 5.6ರಿಂದ ಪ್ಯಾರಾಮೀಟರ್ (ಫಂಕ್ಷನ್‌ಗೆ ಬರುವ ಮೌಲ್ಯದ ಹೆಸರು) ಬರೆಯುವ ಮುಂಚೆ ಮೂರು ಚುಕ್ಕೆ ಇಟ್ಟರೆ ಎಷ್ಟು ಮೌಲ್ಯ ಬಂದರೂ ಒಂದು ಅರೇ, ಅಂದರೆ ಮೌಲ್ಯಗಳ ಸಾಲು, ಆಗಿ ಸಿಗುತ್ತವೆ. ನಾನು ಅವುಗಳನ್ನು ಎಣಿಸಿದೆ. ಒಂದು ಇದ್ದರೆ ಕಿಲೋ. ಎರಡಿದ್ದರೆ ಕ್ವಿಂಟಲ್ ಮತ್ತು ಕಿಲೋ. ಅದಕ್ಕಿಂತ ಜಾಸ್ತಿ ಇದ್ದರೆ ಚೀಲಗಳು.

ಈಗ ಇಟ್ಟು ನೋಡಿ. ಹತ್ತು ಚೀಲ ತಂದವರಿಗೆ ಲೆಕ್ಕ ಸರಿ. ಮೂರು ಚೀಲಕ್ಕೂ ಸರಿ. ಒಂದೇ ಚೀಲ ಬಂದರೂ ಅದನ್ನು ಬರೀ ಕಿಲೋ ಅಂತ ಓದಿ ಸರಿಯಾದ ಉತ್ತರವೇ ಬರುತ್ತಿತ್ತು. ಎರಡು ಚೀಲ ಬಂದಾಗ ಮಾತ್ರ 38 ಕ್ವಿಂಟಲ್ 41 ಕಿಲೋ. ಟೆಸ್ಟ್ ಬರೆದಾಗ ನಾನು ಒಂದು ಚೀಲ ಹಾಕಿದ್ದೆ, ಐದು ಚೀಲ ಹಾಕಿದ್ದೆ. ಎರಡು ಹಾಕಿರಲಿಲ್ಲ. ಸಿಕ್ಕಿಬಿದ್ದದ್ದು ಎಲ್ಲರಿಗಿಂತ ಕಡಿಮೆ ಮಾಲು ತಂದ ಸಣ್ಣ ರೈತ. ಅದು ನನಗೆ ಇವತ್ತಿಗೂ ಕಾಡುತ್ತದೆ.

ಉಳಿದ ದಾರಿಗಳ ಬಗ್ಗೆ ಬೇಗ ಹೇಳಿಬಿಡುತ್ತೇನೆ. ಡಿಫಾಲ್ಟ್ ಮೌಲ್ಯ ಕೊಡುವುದು ಒಳ್ಳೆಯ ದಾರಿ, ದಿನವೂ ಬಳಸುತ್ತೇನೆ. ಆದರೆ ಅದು ಒಂದೇ ಅರ್ಥದ ಮಾಹಿತಿಯಲ್ಲಿ ಏನೋ ಒಂದು ಬಿಟ್ಟುಹೋದಾಗ ಮಾತ್ರ; ದಿನಾಂಕ ಕೊಡದಿದ್ದರೆ ಇವತ್ತಿನದು ಅನ್ನೋ ಹಾಗೆ. ಒಳಗೆ ಟೈಪ್ ನೋಡಿ ಕವಲೊಡೆಸುವುದು ಫಾರ್ಮ್ ಡೇಟಾಕ್ಕೆ ಯಾಕೆ ನಡೆಯದು ಅಂತ ಆಗಲೇ ಹೇಳಿದೆ. ಇನ್ನು ಎಲ್ಲವನ್ನೂ ಒಂದೇ ಅರೇಯಲ್ಲಿ ಕೀ (ಪ್ರತಿ ಮೌಲ್ಯಕ್ಕೊಂದು ಹೆಸರು) ಹಚ್ಚಿ ಕಳಿಸುವ ರೂಢಿ. ಒಬ್ಬರು ‘ಕಿಲೋ’ ಅಂತ ಬರೆಯುತ್ತಾರೆ, ಇನ್ನೊಬ್ಬರು ‘ಕಿಲೊ’ ಅಂತ ಬರೆಯುತ್ತಾರೆ. ಗೊತ್ತಿಲ್ಲದ ಕೀ ಬಂದರೆ ಎರರ್ ಕೊಡು ಅಂತ ನಾವೇ ಬರೆಯದಿದ್ದರೆ ಎರರ್ ಇಲ್ಲ, ತೂಕವೂ ಇಲ್ಲ.

ನಾನು ಕೊನೆಗೆ ಹಿಡಿದದ್ದು ಹೆಸರಿಟ್ಟ ಸ್ಟ್ಯಾಟಿಕ್ ಮೆಥಡ್‌ಗಳ ದಾರಿ. ಆಬ್ಜೆಕ್ಟ್ ಹುಟ್ಟುವ ಮೊದಲೇ ಕ್ಲಾಸಿನ ಹೆಸರು ಹಿಡಿದು ಕರೆಯಬಹುದಾದ ಮೆಥಡ್ ಅಂದರೆ ಸ್ಟ್ಯಾಟಿಕ್. ಪಿಎಚ್‌ಪಿಯಲ್ಲಿ ಕ್ಲಾಸಿಗೂ ಮೆಥಡ್‌ಗೂ ಕನ್ನಡದಲ್ಲೇ ಹೆಸರಿಡಬಹುದು, ಭಾಷೆ ಒಪ್ಪುತ್ತದೆ. ಹಾಗಾಗಿ ಕರೆಯುವ ಸಾಲುಗಳನ್ನು ಕನ್ನಡದಲ್ಲೇ ತೋರಿಸುತ್ತೇನೆ:

ತೂಕ::ಕಿಲೋದಿಂದ(79)
ತೂಕ::ಕ್ವಿಂಟಲಿನಿಂದ(38, 41)
ತೂಕ::ಚೀಲಗಳಿಂದ(38, 41)

ಕೊನೆಯ ಎರಡು ಸಾಲು ಅಕ್ಕಪಕ್ಕ ಇಟ್ಟು ನೋಡಿ. ಕೊಟ್ಟ ಸಂಖ್ಯೆಗಳು ಅವೇ. ಎಣಿಕೆ ಅದೇ, ಟೈಪ್ ಅದೇ. ಜಾವಾದ ಓವರ್‌ಲೋಡಿಂಗ್ ಇದ್ದಿದ್ದರೂ ಇವೆರಡನ್ನು ಬೇರೆ ಮಾಡಲು ಬರುತ್ತಿರಲಿಲ್ಲ, ಎರಡಕ್ಕೂ ಎರಡೇ ಸಂಖ್ಯೆ ಇಟ್ಟರೆ ಒಂದೇ ಥರದ ಎರಡು ಕನ್‌ಸ್ಟ್ರಕ್ಟರ್ ಅಂತ ಕಂಪೈಲರ್ ಬೇಡ ಅನ್ನುತ್ತಿತ್ತು, ಚೀಲದ್ದಕ್ಕೆ ಎಷ್ಟು ಬೇಕಾದರೂ ಸಂಖ್ಯೆ ಬರಲಿ ಅಂದರೆ ಸುಮ್ಮನೆ ಕ್ವಿಂಟಲಿನದನ್ನೇ ಆರಿಸುತ್ತಿತ್ತು. ಜಾವಾ ಮಾಡಿದವರಿಗೂ ಇದು ಗೊತ್ತು. 2014ರಲ್ಲಿ ಜಾವಾ 8ರ ಜೊತೆ ಬಂದ ‘ಡ್ಯುರೇಶನ್’ ಕ್ಲಾಸ್ ನೋಡಿ: ನಿಮಿಷದಿಂದ ಮಾಡಲು ‘ಆಫ್‌ಮಿನಿಟ್ಸ್’, ಗಂಟೆಯಿಂದ ಮಾಡಲು ‘ಆಫ್‌ಅವರ್ಸ್’. ಹೊರಗಿನವರು ‘ನ್ಯೂ’ ಅಂದು ಅದನ್ನು ಹುಟ್ಟಿಸಲು ಆಗುವುದೇ ಇಲ್ಲ. ಹಾಗಾಗಿ ನನ್ನ ಮಟ್ಟಿಗೆ ಇದು ಇಲ್ಲದ ಸೌಲಭ್ಯಕ್ಕೆ ಹಚ್ಚಿದ ತೇಪೆಯಲ್ಲ. ನಾಳೆ ಪಿಎಚ್‌ಪಿಗೆ ಓವರ್‌ಲೋಡಿಂಗ್ ಬಂದರೂ ನಾನು ತೂಕದ ಕ್ಲಾಸನ್ನು ಹೀಗೇ ಬರೆಯುತ್ತೇನೆ.

ಒಳಗಿನ ಜೋಡಣೆ ಹೀಗಿದೆ. ನಿಜವಾದ ಕನ್‌ಸ್ಟ್ರಕ್ಟರ್ ಒಂದೇ, ಅದು ಪ್ರೈವೇಟ್, ಅಂದರೆ ಕ್ಲಾಸಿನ ಹೊರಗಿನಿಂದ ಕರೆಯಲು ಬರುವುದಿಲ್ಲ. ಅದಕ್ಕೆ ಒಂದೇ ಪ್ಯಾರಾಮೀಟರ್: ಗ್ರಾಂ, ಪೂರ್ಣಾಂಕ. ತೂಕ ಸೊನ್ನೆಗಿಂತ ಕಡಿಮೆ ಇದ್ದರೆ ಅಲ್ಲೇ ಎಕ್ಸೆಪ್ಶನ್, ಅಂದರೆ ಎರರ್ ಕೊಟ್ಟು ನಿಲ್ಲುತ್ತದೆ. ಮೂರು ಸ್ಟ್ಯಾಟಿಕ್ ಮೆಥಡ್‌ಗಳೂ ತಮಗೆ ಬಂದದ್ದನ್ನು ಗ್ರಾಂಗೆ ತಿರುಗಿಸಿ ಆ ಒಂದೇ ಬಾಗಿಲಿನಿಂದ ಒಳಗೆ ಕಳಿಸುತ್ತವೆ. ಪರೀಕ್ಷೆಯ ನಿಯಮ ಮೂರು ಕಡೆ ಬರೆಯುವುದು ತಪ್ಪಿತು.

ತಿರುಗಿಸುವಾಗ ಒಂದು ಎಚ್ಚರ. 19.99 ಕ್ವಿಂಟಲ್ ಅಂದರೆ 1,999 ಕಿಲೋ. ಆದರೆ ಪಿಎಚ್‌ಪಿಯಲ್ಲಿ 19.99ನ್ನು 100ರಿಂದ ಗುಣಿಸಿ ನೇರವಾಗಿ ಪೂರ್ಣಾಂಕ ಮಾಡಿದರೆ 1,998 ಬರುತ್ತದೆ. ದಶಮಾಂಶ ಸಂಖ್ಯೆ ಒಳಗೆ ಒಂದು ಕೂದಲೆಳೆ ಕಡಿಮೆ ಇರುತ್ತದೆ, ಪೂರ್ಣಾಂಕ ಮಾಡುವಾಗ ಉಳಿದ ಭಾಗ ಕತ್ತರಿಸಿಹೋಗುತ್ತದೆ. ಒಂದು ಕಿಲೋ ಮೆಣಸಿನಕಾಯಿ ಹೋಯಿತಲ್ವಾ? ಮೊದಲು ‘ರೌಂಡ್’ ಮಾಡಿ, ಆಮೇಲೆ ಪೂರ್ಣಾಂಕ ಮಾಡಿ. ಆ ಸಾಲು ‘ಕ್ವಿಂಟಲಿನಿಂದ’ ಮೆಥಡ್‌ನಲ್ಲಿ ಒಮ್ಮೆ ಬರೆದರೆ ಸಾಕು.

ಮೆಥಡ್‌ನ ಕೊನೆಗೆ ‘ನ್ಯೂ ಸೆಲ್ಫ್’ ಅಂತ ಬರೆಯಬೇಕೋ ‘ನ್ಯೂ ಸ್ಟ್ಯಾಟಿಕ್’ ಅಂತ ಬರೆಯಬೇಕೋ ಅಂತ ಬಹಳ ಜನ ಕೇಳುತ್ತಾರೆ. ‘ಸೆಲ್ಫ್’ ಅಂದರೆ ಆ ಮೆಥಡ್ ಬರೆದ ಕ್ಲಾಸು. ‘ಸ್ಟ್ಯಾಟಿಕ್’ ಅಂದರೆ ಯಾವ ಕ್ಲಾಸಿನ ಹೆಸರು ಹಿಡಿದು ಕರೆದರೋ ಅದು. 2009ರ ಪಿಎಚ್‌ಪಿ 5.3ರಿಂದ ಇದೆ. ತೂಕದಂಥ ಕ್ಲಾಸಿಗೆ ಮಕ್ಕಳು, ಅಂದರೆ ಅದನ್ನು ಆಧರಿಸಿ ಬರೆಯುವ ಬೇರೆ ಕ್ಲಾಸುಗಳು, ಬೇಡ. ನಾನು ಅದನ್ನು ‘ಫೈನಲ್’ ಮಾಡಿ ‘ಸೆಲ್ಫ್’ ಬರೆಯುತ್ತೇನೆ.

ಇನ್ನೊಂದು ಲಾಭ ಮೊದಲು ನನಗೇ ಹೊಳೆದಿರಲಿಲ್ಲ. ಚೀಲದ ಲೆಕ್ಕ ಎಲ್ಲೆಲ್ಲಿಂದ ಬರುತ್ತದೆ ಅಂತ ನೋಡಬೇಕಾದರೆ ಇಡೀ ಕೋಡಿನಲ್ಲಿ ‘ಚೀಲಗಳಿಂದ’ ಅಂತ ಹುಡುಕಿದರೆ ಸಾಕು. ಮೊದಲು ‘ನ್ಯೂ ತೂಕ’ ಅಂತ ಹುಡುಕಿ, ಸಿಕ್ಕ ಪ್ರತಿ ಸಾಲನ್ನೂ ಓದಿ, ಇದು ಯಾವ ಥರದ್ದು ಅಂತ ಊಹಿಸಬೇಕಿತ್ತು.

ಹಾಗಂತ ಕಂಡ ಕಂಡ ಕ್ಲಾಸಿಗೆಲ್ಲ ಇದನ್ನು ಮಾಡಬೇಡಿ. ಹುಟ್ಟುವ ದಾರಿ ಒಂದೇ ಇದ್ದರೆ ನೇರ ‘ನ್ಯೂ’ ಸಾಕು.

ಕಳೆದ ವರ್ಷ ಆಫೀಸಿಗೆ ಒಬ್ಬ ಹುಡುಗಿ ಹೊಸದಾಗಿ ಸೇರಿದಳು. ಕಾಲೇಜಿನಲ್ಲಿ ಜಾವಾ ಚೆನ್ನಾಗಿ ಕಲಿತವಳು. ಹಾವೇರಿ ಕಡೆಯ ಇನ್ನೊಂದು ಅಂಗಡಿಗೆ ಗೋವಿನಜೋಳದ ಲೆಕ್ಕ ಸೇರಿಸಬೇಕಿತ್ತು. ಅಲ್ಲಿ ಟ್ರ್ಯಾಕ್ಟರನ್ನೇ ವೇಬ್ರಿಜ್ ಮೇಲೆ ಹತ್ತಿಸುತ್ತಾರೆ. ತುಂಬಿದ ತೂಕದಲ್ಲಿ ಖಾಲಿ ತೂಕ ಕಳೆಯಬೇಕು. ಅವಳು ಎರಡನೇ ಕನ್‌ಸ್ಟ್ರಕ್ಟರ್ ಬರೆದು ನನ್ನನ್ನು ಕರೆದಳು. "ಸರ್, ಜಾವಾದಾಗ ಇದು ನಡೀತಿತ್ರಿ. ಇಲ್ಲ್ಯಾಕ ಎರರ್ ಬರಾಕತ್ತೈತಿ?"

"ಇದೊಂದ ಇದ್ರ ನಡೀತೈತಿ, ಕ್ವಿಂಟಲಿಗೂ ಒಂದು ಕನ್‌ಸ್ಟ್ರಕ್ಟರ್ ಬರದ್ರ ಜಾವಾದಾಗೂ ನಡಿಯೂದಿಲ್ಲವಾ" ಅಂದೆ. "ಕ್ವಿಂಟಲ್ ಮತ್ತು ಕಿಲೋ ಅವೂ ಎರಡು ಸಂಖ್ಯೆ. ಇವೂ ಎರಡು ಸಂಖ್ಯೆ. ಕಂಪೈಲರ್ ಹೆಂಗ ಗುರ್ತಾ ಹಿಡೀಬೇಕು?"

ಸ್ವಲ್ಪ ಹೊತ್ತು ಪರದೆ ನೋಡಿದಳು. ಆಮೇಲೆ ‘ವೇಬ್ರಿಜ್ಜಿನಿಂದ’ ಅಂತ ಹೊಸ ಸ್ಟ್ಯಾಟಿಕ್ ಮೆಥಡ್ ಬರೆದಳು. ಬರೆದು ಮತ್ತೊಂದು ಪ್ರಶ್ನೆ ಕೇಳಿದಳು: ತುಂಬಿದ ತೂಕ ಮೊದಲು ಕೊಡಬೇಕೋ, ಖಾಲಿ ತೂಕವೋ? ಕರೆಯುವವರು ಅದಲುಬದಲು ಮಾಡಿದರೆ? ನನಗೆ ಬಹಳ ಸಂತೋಷವಾಯಿತು, ಯಾಕಂದರೆ ನಾನು ಆ ಪ್ರಶ್ನೆಯನ್ನು ಆ ಸೋಮವಾರಕ್ಕಿಂತ ಮೊದಲು ಕೇಳಿಕೊಂಡಿರಲಿಲ್ಲ.

ಅದಕ್ಕೆ 2020ರ ನವೆಂಬರ್‌ನಲ್ಲಿ ಬಂದ ಪಿಎಚ್‌ಪಿ 8ರ ಹೆಸರಿನ ಆರ್ಗ್ಯುಮೆಂಟ್‌ಗಳನ್ನು ಬಳಸಿದೆವು. ಕರೆಯುವಾಗಲೇ ಪ್ಯಾರಾಮೀಟರ್ ಹೆಸರು ಬರೆಯುವುದು:

ತೂಕ::ವೇಬ್ರಿಜ್ಜಿನಿಂದ(ತುಂಬಿದ: 7960, ಖಾಲಿ: 3140)

ಹೆಸರು ತಪ್ಪಿ ಬರೆದರೆ ಅರೇಯ ಹಾಗೆ ಸುಮ್ಮನಿರುವುದಿಲ್ಲ, ಎರರ್ ಕೊಡುತ್ತದೆ. ಹಿಂದೆಮುಂದೆ ಬರೆದರೂ ಲೆಕ್ಕ ಕೆಡುವುದಿಲ್ಲ. ಹೆಸರು ಬಿಟ್ಟು ಉಲ್ಟಾ ಕೊಟ್ಟರೆ ವ್ಯತ್ಯಾಸ ಸೊನ್ನೆಗಿಂತ ಕೆಳಗೆ ಹೋಗುತ್ತದೆ, ಆಗ ಪ್ರೈವೇಟ್ ಕನ್‌ಸ್ಟ್ರಕ್ಟರ್‌ನ ಆ ಹಳೇ ಸಾಲು ಹಿಡಿದುಹಾಕುತ್ತದೆ. ಅವಳು ಅದಕ್ಕೊಂದು ಟೆಸ್ಟ್ ಬರೆದಳು. ಅದರ ಕೆಳಗೆ, ನಾನು ಹೇಳದೆಯೇ, ಎರಡೇ ಚೀಲದ ಟೆಸ್ಟನ್ನೂ ಸೇರಿಸಿದಳು: 38, 41, ಉತ್ತರ 79.