ಏಳು ವರ್ಷ ಬಾಳಿದ ನಯಾಪೈಸೆ

"ಕೈಯಲ್ಲಿ ಒಂದು ನಯಾಪೈಸೆ ಇಲ್ಲ" ಅನ್ನುವವರಲ್ಲಿ ಬಹಳ ಜನ ಆ ನಾಣ್ಯವನ್ನು ಕಣ್ಣಲ್ಲೂ ಕಂಡಿಲ್ಲ. ಸರ್ಕಾರದ ಲೆಕ್ಕದಲ್ಲಿ ಆ ಹೆಸರು ಬದುಕಿದ್ದೇ ಏಳು ವರ್ಷ, 1957ರಿಂದ 1964ರವರೆಗೆ. ನಮ್ಮ ಮಾತಿನಲ್ಲಿ ಮಾತ್ರ ಇನ್ನೂ ಇದೆ. ಇದು ನನಗೆ ತುಂಬ ಇಷ್ಟವಾದ ಸಂಗತಿ.

"ನಯಾ" ಅಂದರೆ ಹೊಸದು. ಹಾಗಾದರೆ ಹಳೆಯ ಪೈಸೆ ಯಾವುದು? ಆಗ ರೂಪಾಯಿಗೆ ಹದಿನಾರಾಣೆ, ಆಣೆಗೆ ನಾಲ್ಕು ಪೈಸೆ, ಪೈಸೆಗೆ ಮೂರು ಪೈ. ಒಟ್ಟು ರೂಪಾಯಿಗೆ 64 ಪೈಸೆ, 192 ಪೈ. ಕಾಗದದ ಮೇಲೆ ಕೂಡಿ ಕಳೆಯಲು ಇದು ತಲೆನೋವು. ಸಂತೆಯಲ್ಲಿ ಮಾತ್ರ ಸಲೀಸು. ಅರ್ಧ, ಕಾಲು, ಅರೆಕಾಲು ಅಂತ ಒಡೆಯುತ್ತಾ ಹೋದರಾಯಿತು. ಎರಡನೇ ಮಹಾಯುದ್ಧದ ಕಾಲದಲ್ಲಿ ಲೋಹ ಉಳಿಸಲು ಈ ಪೈಸೆಯ ನಡುವೆಯೇ ದೊಡ್ಡ ತೂತು ಕೊರೆದರು. ಹಳೇ ಪೆಟ್ಟಿಗೆಗಳಲ್ಲಿ ಆಗಾಗ ಸಿಗುವ ತೂತಿನ ಕಾಸು ಅದೇ.

1955ರಲ್ಲಿ ಸಂಸತ್ತು ನಾಣ್ಯ ಕಾಯ್ದೆಗೆ ತಿದ್ದುಪಡಿ ತಂದಿತು. 1957ರ ಏಪ್ರಿಲ್ 1ರಿಂದ ರೂಪಾಯಿಗೆ ನೂರು ಪೈಸೆ. ಹಳೆಯದೂ ಹೊಸದೂ ಒಂದೇ ಜೇಬಿನಲ್ಲಿ ಸೇರಿದವು. ಎರಡಕ್ಕೂ ಪೈಸೆ ಅಂದರೆ ಜಗಳವೇ, ಅಲ್ವಾ? ಅದಕ್ಕೇ ಹೊಸದಕ್ಕೆ "ನಯಾ" ಸೇರಿಸಿದರು. ಕಂಚಿನ ಪುಟ್ಟ ಬಿಲ್ಲೆಯ ಮೇಲೆ "ರೂಪಾಯಿಯ ನೂರನೇ ಭಾಗ" ಎಂದು ಹಿಂದಿಯಲ್ಲಿ ಅಚ್ಚು ಹಾಕಿದ್ದರು. ನಾಣ್ಯವೇ ಜನರಿಗೆ ಲೆಕ್ಕ ಹೇಳಿಕೊಡುತ್ತಿತ್ತು.

ಆದರೂ ತೊಡಕು ತಪ್ಪಲಿಲ್ಲ. ಒಂದಾಣೆ ಅಂದರೆ ಆರೂಕಾಲು ನಯಾಪೈಸೆ. ಕಾಲು ಪೈಸೆ ಎಲ್ಲಿಂದ ತರುವುದು? ಹಾಗಾಗಿ ಒಂದಾಣೆಗೆ 6, ಎರಡಾಣೆಗೆ 12, ಮೂರಾಣೆಗೆ 19 ಎಂದು ಪಟ್ಟಿ ಮಾಡಿದರು. ಒಂದಾಣೆಯ ಮೂರು ಸಾಮಾನನ್ನು ಬೇರೆ ಬೇರೆ ಕೊಂಡರೆ 18 ನಯಾಪೈಸೆ. ಒಟ್ಟಿಗೆ ಕೊಂಡರೆ 19! ಬಡವರಿಗೆ ಆ ಒಂದು ಪೈಸೆ ಸುಮ್ನೆ ಬಿಡುವಂಥದ್ದಲ್ಲ.

ನಾಲ್ಕಾಣೆಗೆ ಮಾತ್ರ ಈ ರಗಳೆ ಇರಲಿಲ್ಲ. ಅದು ಸರಿಯಾಗಿ 25 ಪೈಸೆ, ಎಂಟಾಣೆ ಸರಿಯಾಗಿ 50. ಆಣೆ ಹೋದ ಮೇಲೂ ಈ ಎರಡು ಹೆಸರು ಗಟ್ಟಿಯಾಗಿ ಉಳಿದದ್ದು ಇದರಿಂದಲೇ ಅಂತ ನನಗನಿಸುತ್ತದೆ. ಆಣೆಯ ಮುಖವನ್ನೇ ನೋಡದ ಮಕ್ಕಳೂ 25 ಪೈಸೆಯ ಬಿಲ್ಲೆಗೆ ನಾಲ್ಕಾಣೆ ಅನ್ನುತ್ತಿದ್ದರು. ಉತ್ತರ ಕರ್ನಾಟಕದಲ್ಲಿ ಅದು ಚಾರಾಣೆ. ಮೂರಾಣೆ, ಐದಾಣೆ ಮಾತ್ರ ಮಾತಿನಿಂದ ಜಾರಿಹೋದವು.

1964ರ ಜೂನ್ 1ರಂದು "ನಯಾ" ತೆಗೆದುಹಾಕಿದರು. ಅಷ್ಟರಲ್ಲಿ ಪದ ಬಾಯಿಗೆ ಹತ್ತಿತ್ತು. ಗಮನಿಸಿ ನೋಡಿ, "ನನ್ನ ಹತ್ತಿರ ನೂರು ನಯಾಪೈಸೆ ಇದೆ" ಅಂತ ಯಾರೂ ಹೇಳುವುದಿಲ್ಲ. "ನಯಾಪೈಸೆ ಇಲ್ಲ", "ನಯಾಪೈಸೆ ಕೊಡಲ್ಲ", "ನಯಾಪೈಸೆ ಹುಟ್ಟಲಿಲ್ಲ" ಅನ್ನುತ್ತೇವೆ. ಅದು ಬರುವುದೇ "ಇಲ್ಲ" ಅನ್ನುವಂಥ ಮಾತಿನ ಜೊತೆ. ಚಿಕ್ಕಾಸು, ಬಿಡಿಗಾಸು, ಕವಡೆ ಕಾಸು ಕೂತಿದ್ದ ಸಾಲಿನಲ್ಲೇ ಇದೂ ಹೋಗಿ ಕೂತಿತು.

ನಾಣ್ಯದ ಕಥೆ ಬೇರೆ. ಕಂಚು ಹೋಗಿ 1965ರಿಂದ ಅಲ್ಯೂಮಿನಿಯಂ ಬಂತು, ದುಂಡಗಿದ್ದದ್ದು ಚೌಕವಾಯಿತು. ತೂಕ ಮುಕ್ಕಾಲು ಗ್ರಾಂ. ಬಟ್ಟಲಿನ ನೀರಿನ ಮೇಲೆ ಮೆಲ್ಲಗೆ ಮಲಗಿಸಿದರೆ ಮುಳುಗದೆ ನಿಲ್ಲುತ್ತಿತ್ತು. ಬೆರಳು ಸ್ವಲ್ಪ ನಡುಗಿದರೆ ಸೀದಾ ತಳಕ್ಕೆ. ಬೆಲೆಗಳು ಏರುತ್ತಾ ಹೋದ ಹಾಗೆ ಅದಕ್ಕೆ ಏನೂ ಸಿಗದಂತಾಯಿತು. 2011ರ ಜೂನ್ 30ಕ್ಕೆ 25 ಪೈಸೆ ಮತ್ತು ಅದಕ್ಕಿಂತ ಚಿಕ್ಕ ನಾಣ್ಯಗಳ ಚಲಾವಣೆಯನ್ನೇ ನಿಲ್ಲಿಸಿದರು.

ಎಂಟಾಣೆ ಇವತ್ತಿಗೂ ಕಾನೂನಿನ ಪ್ರಕಾರ ನಡೆಯುವ ನಾಣ್ಯ. ಹತ್ತು ರೂಪಾಯಿವರೆಗೆ ಅದರಲ್ಲೇ ಕೊಡಬಹುದು. ಅಂಗಡಿಗಳಲ್ಲಿ ತೆಗೆದುಕೊಳ್ಳುವುದಿಲ್ಲ ಅನ್ನುವುದು ಬೇಸರದ ವಿಷಯ. ಒಂದು ಪೈಸೆ ಈಗ ಲೆಕ್ಕದಲ್ಲಿ ಮಾತ್ರ ಇದೆ. ಕರೆಂಟ್ ಬಿಲ್ಲಿನಲ್ಲಿ, ಪೆಟ್ರೋಲ್ ದರದಲ್ಲಿ, ಪಾಸ್‌ಬುಕ್ಕಿನಲ್ಲಿ ಚುಕ್ಕಿಯಾದ ಮೇಲೆ ಬರುವ ಎರಡು ಅಂಕಿ ಅದೇ.