ಕೊಲೆಸ್ಟ್ರಾಲ್ ಸ್ಟ್ರಿಪ್: ಮುದ್ರಿಸುವುದು ಸುಲಭ, ಅಳೆಯುವುದು ಕಷ್ಟ

ಸಕ್ಕರೆ ನೋಡುವ ಸ್ಟ್ರಿಪ್ ಎಲ್ಲ ಕಡೆ ಸಿಗುತ್ತದೆ, ಕೊಲೆಸ್ಟ್ರಾಲ್ ನೋಡುವುದು ಯಾಕೆ ಅಷ್ಟು ಬಳಕೆಗೆ ಬಂದಿಲ್ಲ? ಮುದ್ರಿತ ಸೆನ್ಸರ್‌ಗಳ ಕೆಲಸದಲ್ಲಿರುವ ನನ್ನನ್ನು ತುಂಬಾ ಜನ ಕೇಳುವ ಪ್ರಶ್ನೆ ಇದು. ರಕ್ತದಲ್ಲಿ ಕೊಲೆಸ್ಟ್ರಾಲ್ ಕಮ್ಮಿ ಇರುತ್ತದೆ, ಅದಕ್ಕೇ ಕಷ್ಟ ಅಂತ ಕೆಲವರು ಅಂದುಕೊಳ್ಳುತ್ತಾರೆ. ಹಾಗೇನಿಲ್ಲ. ಒಂದು ಡೆಸಿಲೀಟರ್‌ಗೆ 200 ಮಿಲಿಗ್ರಾಂ ಕೊಲೆಸ್ಟ್ರಾಲ್ ಅಂದರೆ ಲೀಟರಿಗೆ ಸುಮಾರು 5.2 ಮಿಲಿಮೋಲ್. ಖಾಲಿ ಹೊಟ್ಟೆಯ ಸಕ್ಕರೆಯೂ ಹೆಚ್ಚುಕಮ್ಮಿ ಅಷ್ಟೇ. ನಿಜವಾದ ತೊಡಕು ಬೇರೆ: ಕೊಬ್ಬು ನೀರಿನಲ್ಲಿ ಕರಗುವುದಿಲ್ಲ.

ಮುದ್ರಣ ಈಗ ತಲೆನೋವೇ ಅಲ್ಲ. ಬಟ್ಟೆಯ ಮೇಲೆ ಚಿತ್ರ ಹಾಕುವ ಸ್ಕ್ರೀನ್ ಪ್ರಿಂಟಿಂಗ್ ಇದೆಯಲ್ಲ, ಅದೇ ವಿಧಾನ. ಬಣ್ಣದ ಬದಲು ಇಂಗಾಲದ ಶಾಯಿ ಮತ್ತು ಬೆಳ್ಳಿಯ ಶಾಯಿ, ಬಟ್ಟೆಯ ಬದಲು ತೆಳು ಪ್ಲಾಸ್ಟಿಕ್ ಹಾಳೆ.

ಅದರ ಮೇಲೆ ಕೂರುವ ಕಿಣ್ವಗಳೇ ಅಸಲಿ ಕೆಲಸಗಾರರು. ರಕ್ತದಲ್ಲಿನ ಕೊಲೆಸ್ಟ್ರಾಲ್‌ನಲ್ಲಿ ಸುಮಾರು 70 ಶೇಕಡಾ ಕೊಬ್ಬಿನ ಆಮ್ಲಕ್ಕೆ ಅಂಟಿಕೊಂಡಿರುತ್ತದೆ. ಕೊಲೆಸ್ಟ್ರಾಲ್ ಎಸ್ಟರೇಸ್ ಎಂಬ ಕಿಣ್ವ ಅದನ್ನು ಬಿಡಿಸುತ್ತದೆ. ಆಮೇಲೆ ಕೊಲೆಸ್ಟ್ರಾಲ್ ಆಕ್ಸಿಡೇಸ್ ಆಮ್ಲಜನಕ ಬಳಸಿ ಅದನ್ನು ಬದಲಾಯಿಸುತ್ತದೆ, ಆಗ ಹೈಡ್ರೋಜನ್ ಪೆರಾಕ್ಸೈಡ್ ಹುಟ್ಟುತ್ತದೆ. ನಾವು ಅಳೆಯುವುದು ಈ ಪೆರಾಕ್ಸೈಡ್ ಕೊಡುವ ಕರೆಂಟನ್ನು. ಪ್ಲಾಟಿನಂ ಬಳಸಿದರೆ ಸುಮಾರು 0.6 ವೋಲ್ಟ್ ಬೇಕು. ಅಷ್ಟು ವೋಲ್ಟೇಜಿನಲ್ಲಿ ವಿಟಮಿನ್ ಸಿ, ಯೂರಿಕ್ ಆಮ್ಲ, ಪ್ಯಾರಸಿಟಮಾಲ್ ಕೂಡ ಕರೆಂಟ್ ಕೊಟ್ಟು ಲೆಕ್ಕ ಕೆಡಿಸುತ್ತವೆ. ಶಾಯಿಗೆ ಪ್ರಷ್ಯನ್ ಬ್ಲೂ ಬೆರೆಸಿದರೆ ಸೊನ್ನೆ ವೋಲ್ಟ್ ಹತ್ತಿರವೇ ಕೆಲಸ ಆಗುತ್ತದೆ, ಈ ಕಾಟ ತುಂಬಾ ಕಮ್ಮಿಯಾಗುತ್ತದೆ. ಅಗ್ಗದ ಒಂದು ನೀಲಿ ಬಣ್ಣ ಇಷ್ಟು ದೊಡ್ಡ ಉಪಕಾರ ಮಾಡುವುದು ನನಗೆ ಈಗಲೂ ಖುಷಿ ಕೊಡುವ ಸಂಗತಿ.

ಆದರೆ ಕಿಣ್ವದ ಕೈಗೆ ಕೊಲೆಸ್ಟ್ರಾಲ್ ಸಿಗಬೇಕಲ್ವಾ? ಅದು ರಕ್ತದಲ್ಲಿ ಕೊಬ್ಬನ್ನು ಹೊತ್ತೊಯ್ಯುವ ಎಲ್‌ಡಿಎಲ್, ಎಚ್‌ಡಿಎಲ್ ಎಂಬ ಕಣಗಳ ಒಳಗೆ ಅಡಗಿರುತ್ತದೆ. ಕಣ ಒಡೆಯಲು ಸೋಪಿನಂಥ ವಸ್ತು ಬೇಕು. ಅದು ಕಮ್ಮಿಯಾದರೆ ಅಳತೆ ಕಮ್ಮಿ ಬರುತ್ತದೆ. ಜಾಸ್ತಿಯಾದರೆ ಕಿಣ್ವಕ್ಕೇ ಪೆಟ್ಟು, ಕೆಂಪು ರಕ್ತಕಣಗಳೂ ಒಡೆಯುತ್ತವೆ. ಹಾಗಾಗಿ ಮೊದಲೇ ರಕ್ತಕಣಗಳನ್ನು ತಡೆಯುವ ಸೋಸುಪದರ ಹಾಕಬೇಕಾಗುತ್ತದೆ. ಸ್ಟ್ರಿಪ್‌ನ ಖರ್ಚು ಏರುವುದು ಇಲ್ಲೇ.

ಇನ್ನೊಂದು ವಿಷಯ, ನನ್ನ ಪ್ರಕಾರ ಇದೇ ಮುಖ್ಯ. ಸಕ್ಕರೆ 50ರಿಂದ 400ರವರೆಗೂ ಓಡಾಡುತ್ತದೆ, ಸ್ವಲ್ಪ ತಪ್ಪಿದರೂ ದಿಕ್ಕು ಗೊತ್ತಾಗುತ್ತದೆ. ಕೊಲೆಸ್ಟ್ರಾಲ್ ಹಾಗಲ್ಲ. 190 ಮತ್ತು 240ರ ನಡುವೆಯೇ ಮಾತ್ರೆ ಬೇಕೋ ಬೇಡವೋ ಎಂಬ ಮಾತು ಬರುತ್ತದೆ. ಅದಕ್ಕೇ ಅಮೆರಿಕದ ರಾಷ್ಟ್ರೀಯ ಕೊಲೆಸ್ಟ್ರಾಲ್ ಶಿಕ್ಷಣ ಕಾರ್ಯಕ್ರಮ ಒಟ್ಟು ಕೊಲೆಸ್ಟ್ರಾಲ್ ಅಳತೆಯಲ್ಲಿ 8.9 ಶೇಕಡಾಕ್ಕಿಂತ ಹೆಚ್ಚು ತಪ್ಪಿರಬಾರದು ಎಂದಿತು. ಮನೆಯ ಸಕ್ಕರೆ ಮೀಟರ್‌ಗಳ 2013ರ ಐಎಸ್‌ಒ ಮಾನದಂಡ 100ಕ್ಕಿಂತ ಮೇಲಿನ ಅಳತೆಯಲ್ಲಿ 15 ಶೇಕಡಾದವರೆಗೆ ತಪ್ಪನ್ನು ಒಪ್ಪುತ್ತದೆ. ಇಷ್ಟು ಬಿಗಿ ಗೆರೆಯೊಳಗೆ ಸಾವಿರಾರು ಸ್ಟ್ರಿಪ್‌ಗಳನ್ನು ಒಂದೇ ರೀತಿ ಮಾಡಬೇಕು. ಕಿಣ್ವ ತೇವಾಂಶಕ್ಕೆ ಸಿಕ್ಕರೆ ಎಲ್ಲ ಹೋಯಿತು.

ರಕ್ತದಲ್ಲಿರುವ ಇನ್ನೊಂದು ಬಗೆಯ ಕೊಬ್ಬಾದ ಟ್ರೈಗ್ಲಿಸರೈಡ್ ಇನ್ನೂ ನಾಜೂಕು. ಅದನ್ನು ಒಡೆದು ಸಿಗುವ ಗ್ಲಿಸರಾಲನ್ನು ಅಳೆಯುತ್ತೇವೆ. ಕೈಗೆ ಹಚ್ಚುವ ಕ್ರೀಮಿನಲ್ಲೂ ಇದೇ ಗ್ಲಿಸರಾಲ್ ಇರುತ್ತದೆ! ಬೆರಳು ತೊಳೆಯದೆ ಚುಚ್ಚಿದರೆ ಸಂಖ್ಯೆ ಸುಮ್ನೆ ಏರಿಬಿಡುತ್ತದೆ.

ಎಲ್‌ಡಿಎಲ್ ಕೂಡ ಒಂದೇ ಸ್ಟ್ರಿಪ್‌ನಲ್ಲಿ ಬೇಕು ಎಂದು ಹಲವರು ಕೇಳುತ್ತಾರೆ. 1972ರ ಫ್ರೀಡ್‌ವಾಲ್ಡ್ ಸೂತ್ರದಂತೆ ಅದನ್ನು ಲೆಕ್ಕ ಹಾಕಬಹುದು. ಆದರೆ ಅದಕ್ಕೆ ಒಟ್ಟು ಕೊಲೆಸ್ಟ್ರಾಲ್, ಎಚ್‌ಡಿಎಲ್, ಟ್ರೈಗ್ಲಿಸರೈಡ್ ಎಂಬ ಮೂರು ಅಳತೆ ಬೇಕು, ಮೂರರ ತಪ್ಪೂ ಸೇರಿಕೊಳ್ಳುತ್ತದೆ. ಟ್ರೈಗ್ಲಿಸರೈಡ್ 400 ದಾಟಿದರೆ ಸೂತ್ರವೇ ನಡೆಯುವುದಿಲ್ಲ. ಅಗ್ಗದ ಸ್ಟ್ರಿಪ್‌ಗೆ ನಾನು ಹೇಳುವುದು ಎರಡೇ ಅಳತೆ: ಒಟ್ಟು ಕೊಲೆಸ್ಟ್ರಾಲ್ ಮತ್ತು ಎಚ್‌ಡಿಎಲ್. ಮೊದಲನೆಯದರಿಂದ ಎರಡನೆಯದನ್ನು ಕಳೆದರೆ ನಾನ್-ಎಚ್‌ಡಿಎಲ್ ಸಿಗುತ್ತದೆ. ಹೃದಯದ ಅಪಾಯ ಅಂದಾಜಿಸಲು ವೈದ್ಯರು ಅದನ್ನು ಬಳಸುತ್ತಾರೆ, ಅದಕ್ಕೆ ಉಪವಾಸವೂ ಬೇಕಿಲ್ಲ.